ಒಪೆರಾ ಸೀಸನ್‌ಗೆ ಸಿದ್ಧರಾಗುವ ಬಗೆ: ಮೆಟ್ರೊಪಾಲಿಟನ್ ಒಪೆರಾಕ್ಕೆ ಹೋಗಬಯಸುವ ಕನ್ನಡಿಗರಿಗೆ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ (ಚಿಕ್ಕದಾಗಿ ‘ಮೆಟ್’) ಕಂಪನಿಯ ಪ್ರದರ್ಶನಗಳು ಪ್ರತಿವರ್ಷ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಆರಂಭವಾಗಿ ಮರುವರ್ಷದ ಜೂನ್ ಹೊತ್ತಿಗೆ ಮುಗಿಯುತ್ತವೆ. ಯಾವ ದಿನ ಯಾವ ಒಪೆರಾ, ಯಾರು ಹಾಡುತ್ತಾರೆ, ವಾದ್ಯವೃಂದವನ್ನು ಯಾರು ನಡೆಸುತ್ತಾರೆ ಎಂಬ ವಿವರಗಳೆಲ್ಲ ಎಷ್ಟೋ ತಿಂಗಳು ಮೊದಲೇ ಪ್ರಕಟವಾಗುತ್ತವೆ. ನ್ಯೂಜೆರ್ಸಿ, ನ್ಯೂಯಾರ್ಕ್, ಕನೆಕ್ಟಿಕಟ್ ಕಡೆ ನೆಲೆಸಿರುವ ಕನ್ನಡಿಗರಲ್ಲಿ ಸಂಗೀತಾಸಕ್ತರು ಬಹಳ ಮಂದಿ ಇದ್ದಾರೆ. ಅವರಲ್ಲಿ ಅನೇಕರು ಒಮ್ಮೆಯಾದರೂ ನೋಡಿಬಿಡೋಣವೆಂದು ಟಿಕೆಟ್ ಕೊಂಡು, ಮೂರು ಗಂಟೆ ಕುಳಿತು, ರಂಗಸಜ್ಜಿಕೆ ಭವ್ಯವಾಗಿತ್ತು ಎಂಬ ಒಂದೇ ಮಾತಿನೊಡನೆ ಹಿಂದಿರುಗಿ, ಮತ್ತೆ ಆ ಕಡೆ ತಲೆಹಾಕುವುದಿಲ್ಲ. ಇದಕ್ಕೆ ಮುಖ್ಯ ಕಾರಣ ಕೆಲಸದ ಕ್ರಮ ತಲೆಕೆಳಗಾಗಿರುವುದು ಎಂದು ನಾನು ನಂಬಿದ್ದೇನೆ. ಪ್ರದರ್ಶನಗಳ ಜೊತೆಜೊತೆಗೇ ಸಾರ್ವಜನಿಕ ಶಿಕ್ಷಣಕ್ಕೆಂದು ಕಂಪನಿಯು ಸಿದ್ಧಪಡಿಸುವ ಕೈಪಿಡಿಗಳು, ರೇಡಿಯೊ ಪ್ರಸಾರಗಳು, ಉಚಿತ ಪ್ರದರ್ಶನಗಳು ಹೇರಳವಾಗಿವೆ. ಇವುಗಳನ್ನು ಮೊದಲು ಬಳಸಿಕೊಂಡು ಟಿಕೆಟ್ ಕೊಳ್ಳುವುದನ್ನು ಕೊನೆಯ ಹೆಜ್ಜೆಯಾಗಿ ಇಟ್ಟುಕೊಂಡವರಿಗೆ ಒಪೆರಾ ಒಲಿಯುತ್ತದೆ. ಆ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಸೀಸನ್ ಪಟ್ಟಿಯನ್ನು ಓದುವುದು

ಕಂಪನಿಯ ಪ್ರದರ್ಶನ ಪಟ್ಟಿಯನ್ನು ಮೊದಲ ಬಾರಿ ನೋಡುವವರಿಗೆ ಅದು ಗೊಂದಲವೆನಿಸುವುದು ಸಹಜ. ಬ್ರಾಡ್‌ವೇಯಲ್ಲಿ ಒಂದೇ ನಾಟಕ ಒಂದೇ ರಂಗದಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಮೆಟ್‌ನಲ್ಲಿ ಹಾಗಲ್ಲ, ಸೋಮವಾರ ಒಂದು ಒಪೆರಾ, ಮಂಗಳವಾರ ಇನ್ನೊಂದು, ಶನಿವಾರ ಮಧ್ಯಾಹ್ನ ಒಂದು, ರಾತ್ರಿ ಮತ್ತೊಂದು ಎಂಬಂತೆ ಒಂದೇ ವಾರದಲ್ಲಿ ನಾಲ್ಕು ಬೇರೆ ಬೇರೆ ಕೃತಿಗಳು ಒಂದೇ ರಂಗವನ್ನು ಹಂಚಿಕೊಳ್ಳುತ್ತವೆ. ಇತ್ತೀಚಿನ ವರ್ಷಗಳಲ್ಲಿ ಒಂದು ಸೀಸನ್‌ನಲ್ಲಿ ಸುಮಾರು 18 ಒಪೆರಾಗಳು ರಂಗವೇರುತ್ತಿವೆ. ಒಂದು ಒಪೆರಾದ ಪ್ರದರ್ಶನಗಳು ಮೂರು ನಾಲ್ಕು ವಾರಗಳಲ್ಲಿ ಹರಡಿಕೊಂಡು ಮುಗಿದುಹೋಗಬಹುದು. ಕೆಲವು ಜನಪ್ರಿಯ ಕೃತಿಗಳು ನಡುವೆ ಬಿಡುವು ಕೊಟ್ಟು, ಬೇರೆ ಗಾಯಕರೊಡನೆ ಮತ್ತೆ ಬರುತ್ತವೆ. ಆದ್ದರಿಂದ ಒಪೆರಾದ ಹೆಸರಿನ ಜೊತೆಗೆ ಅದರ ಮೊದಲ ಮತ್ತು ಕೊನೆಯ ಪ್ರದರ್ಶನದ ದಿನಾಂಕಗಳನ್ನೂ, ನೀವು ಕೇಳಬೇಕೆಂದಿರುವ ಗಾಯಕರು ಯಾವ ದಿನಗಳಲ್ಲಿ ಹಾಡುತ್ತಾರೆಂಬುದನ್ನೂ ಗುರುತು ಹಾಕಿಕೊಳ್ಳಬೇಕು.

ಪ್ರತಿ ಒಪೆರಾದ ವಿವರದಲ್ಲಿ ಸಂಗೀತ ಸಂಯೋಜಕರ ಹೆಸರು, ಹಾಡುವ ಭಾಷೆ ಮತ್ತು ವಿರಾಮಗಳೂ ಸೇರಿದ ಒಟ್ಟು ಅವಧಿ ಇರುತ್ತವೆ. ಮೊದಲ ಸಲ ಹೋಗುವವರು ನೋಡಬೇಕಾದದ್ದು ಈ ಅವಧಿಯನ್ನೇ. ವ್ಯಾಗ್ನರ್‌ನ ‘ಡೀ ಮೈಸ್ಟರ್‌ಸಿಂಗರ್’ ವಿರಾಮಗಳೂ ಸೇರಿ ಆರು ಗಂಟೆಗಳ ಹತ್ತಿರ ಹೋಗುತ್ತದೆ. ಅದು ಎಷ್ಟೇ ದೊಡ್ಡ ಕೃತಿಯಾದರೂ ಮೊದಲ ಅನುಭವಕ್ಕೆ ತಕ್ಕುದಲ್ಲ. ಸ್ಟ್ರಾಸ್‌ನ ‘ಸಲೊಮೆ’ ವಿರಾಮವೇ ಇಲ್ಲದೆ ಎರಡು ಗಂಟೆಗಳೊಳಗೆ ಮುಗಿಯುತ್ತದೆಯಾದರೂ ಅದರ ಕಥೆ ಮತ್ತು ಸಂಗೀತ ಎರಡೂ ತೀವ್ರವಾದವು, ಮಕ್ಕಳನ್ನು ಕರೆದೊಯ್ಯುವಂಥದಲ್ಲ.

ನನ್ನ ಆಯ್ಕೆಯನ್ನು ಕೇಳಿದರೆ, ಪುಚ್ಚೀನಿಯ ‘ಲಾ ಬೊಹೆಮ್’ ಪಟ್ಟಿಯಲ್ಲಿರುವ ವರ್ಷ ಅದರಿಂದಲೇ ಆರಂಭಿಸಿ ಎನ್ನುತ್ತೇನೆ. 1896ರಲ್ಲಿ ಇಟಲಿಯ ಟುರಿನ್ ನಗರದಲ್ಲಿ ಮೊದಲು ರಂಗಕ್ಕೆ ಬಂದ ಈ ಒಪೆರಾ ಮೆಟ್‌ನಲ್ಲಿ ಬೇರೆಲ್ಲ ಒಪೆರಾಗಳಿಗಿಂತ ಹೆಚ್ಚು ಬಾರಿ ಪ್ರದರ್ಶನಗೊಂಡಿದೆ. ನಾಲ್ಕು ಅಂಕಗಳ ಸಂಗೀತ ಒಟ್ಟು ಸೇರಿ ಎರಡು ಗಂಟೆಗೂ ಕಡಿಮೆ. ಉಳಿದ ಹೊತ್ತು ವಿರಾಮಗಳಿಗೆ ಮತ್ತು ದೃಶ್ಯ ಬದಲಾವಣೆಗೆ ಹೋಗುತ್ತದೆ. ಕಥೆಯಲ್ಲಿ ರಾಜರಿಲ್ಲ, ದೇವತೆಗಳಿಲ್ಲ. ಪ್ಯಾರಿಸ್‌ನ ಅಟ್ಟದ ಕೋಣೆಯಲ್ಲಿ ಬಾಡಿಗೆ ಕಟ್ಟಲಾಗದೆ ಚಳಿಯಲ್ಲಿ ನಡುಗುತ್ತಿರುವ ಕವಿ ರೊಡಾಲ್ಫೊ, ಆರಿದ ಮೇಣದ ಬತ್ತಿಗೆ ಬೆಂಕಿ ಕೇಳಿಕೊಂಡು ಬರುವ ಕಸೂತಿಯ ಹುಡುಗಿ ಮಿಮಿ, ಅವರ ಪ್ರೀತಿ, ಅವಳ ಕ್ಷಯರೋಗ: ಇಷ್ಟೇ. ಫ್ರಾಂಕೊ ಜೆಫಿರೆಲ್ಲಿ ರೂಪಿಸಿದ ರಂಗಪ್ರಯೋಗ 1981ರಿಂದ ಮೆಟ್‌ನಲ್ಲಿ ನಡೆದುಬಂದಿದ್ದು, ಅದರ ಎರಡನೆಯ ಅಂಕದಲ್ಲಿ ಕ್ರಿಸ್‌ಮಸ್ ಮುನ್ನಾದಿನದ ಪ್ಯಾರಿಸ್ ಬೀದಿಯೊಂದು ನೂರಾರು ಜನರೊಡನೆ ರಂಗದ ಮೇಲೆ ನಿಲ್ಲುತ್ತದೆ. ‘ಲಾ ಬೊಹೆಮ್’ ಇಲ್ಲದಿದ್ದರೆ ಬಿಜೆಯ ‘ಕಾರ್ಮೆನ್’ ಅಥವಾ ವೆರ್ಡಿಯ ‘ಲಾ ಟ್ರಾವಿಯಾಟಾ’ ಆಗಬಹುದು. ಮಕ್ಕಳಿದ್ದವರು ಕ್ರಿಸ್‌ಮಸ್ ರಜೆಯ ಹೊತ್ತಿಗೆ ಪಟ್ಟಿಯನ್ನು ವಿಶೇಷವಾಗಿ ಗಮನಿಸಬೇಕು. ಮೊಜಾರ್ಟ್‌ನ ‘ಮ್ಯಾಜಿಕ್ ಫ್ಲೂಟ್’ ಒಪೆರಾವನ್ನು ಸುಮಾರು ಎರಡು ಗಂಟೆಯೊಳಗೆ ಇಳಿಸಿ, ಇಂಗ್ಲಿಷಿನಲ್ಲಿ ಹಾಡಿಸುವ ರಜಾಕಾಲದ ಪ್ರದರ್ಶನವನ್ನು ಮೆಟ್ 2006ರಿಂದ ಅನೇಕ ಬಾರಿ ನಡೆಸಿದೆ. ಮಕ್ಕಳಿಗೆ ಇರುವ ಕನಿಷ್ಠ ವಯಸ್ಸಿನ ನಿಯಮವನ್ನು ಟಿಕೆಟ್ ಕೊಳ್ಳುವ ಮುನ್ನ ಓದಿಕೊಳ್ಳಿ.

ನಮ್ಮವರಿಗೆ ವಿಶೇಷ ಆಸಕ್ತಿಯ ಒಪೆರಾ ಇನ್ನೊಂದಿದೆ. ಫಿಲಿಪ್ ಗ್ಲಾಸ್ ಸಂಯೋಜಿಸಿದ ‘ಸತ್ಯಾಗ್ರಹ’ 1980ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಮೊದಲು ಪ್ರದರ್ಶನಗೊಂಡಿತು. ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿ ನಡೆಸಿದ ಹೋರಾಟ ಅದರ ವಸ್ತು. ಹಾಡುವ ಪಠ್ಯವೆಲ್ಲ ಭಗವದ್ಗೀತೆಯ ಸಂಸ್ಕೃತ ಶ್ಲೋಕಗಳಿಂದ ಆಯ್ದದ್ದು. ಮೆಟ್ ಇದನ್ನು 2008ರಲ್ಲಿಯೂ 2011ರಲ್ಲಿಯೂ ರಂಗಕ್ಕೆ ತಂದಿತು. ಗೀತೆಯನ್ನು ಬಾಯಿಪಾಠ ಮಾಡಿದವರಿಗೂ ಅಲ್ಲಿನ ಪದಗಳು ಒಮ್ಮೆಲೇ ಗುರುತಾಗುವುದಿಲ್ಲ, ಏಕೆಂದರೆ ಒಂದೊಂದು ಉಚ್ಚಾರಾಂಶವೂ ದೀರ್ಘವಾಗಿ, ಮರುಕಳಿಸುವ ಸ್ವರಗುಚ್ಛಗಳ ಮೇಲೆ ತೇಲುತ್ತದೆ. ಆದರೂ ಒಂದು ಶ್ಲೋಕ ಥಟ್ಟನೆ ಗುರುತಾದಾಗ ಆಗುವ ಪುಳಕ ಆ ಸಭಾಂಗಣದಲ್ಲಿ ನಮ್ಮವರಿಗೇ ಮೀಸಲು. ಇದು ಪ್ರತಿವರ್ಷ ಬರುವ ಒಪೆರಾ ಅಲ್ಲ, ಆದ್ದರಿಂದ ಯಾವ ಕಂಪನಿಯ ಪಟ್ಟಿಯಲ್ಲಿ ಕಂಡರೂ ಬಿಡಬೇಡಿ.

ಕೇಳಿ ಅಭ್ಯಾಸ ಮಾಡಿಕೊಳ್ಳುವುದು

ಒಪೆರಾವನ್ನು ಆರಿಸಿಕೊಂಡ ಮೇಲೆ ಅದನ್ನು ಕೇಳಬೇಕು. ಇದಕ್ಕೆ ದುಡ್ಡು ಖರ್ಚಾಗಬೇಕಿಲ್ಲ. ಮೆಟ್ ತನ್ನ ಮಧ್ಯಾಹ್ನದ ಪ್ರದರ್ಶನಗಳನ್ನು ರೇಡಿಯೊದಲ್ಲಿ ಪ್ರಸಾರ ಮಾಡಲು ಆರಂಭಿಸಿದ್ದು 1931ರ ಡಿಸೆಂಬರ್ 25ರಂದು, ‘ಹ್ಯಾನ್ಸೆಲ್ ಮತ್ತು ಗ್ರೆಟೆಲ್’ ಒಪೆರಾದೊಂದಿಗೆ. ಆ ಪ್ರಸಾರ ಇಂದಿಗೂ ನಡೆದಿದೆ. ಡಿಸೆಂಬರ್‌ನಿಂದ ಸೀಸನ್ನಿನ ಕೊನೆಯವರೆಗೆ ಶನಿವಾರಗಳಂದು ಅಮೆರಿಕದ ಅನೇಕ ಶಾಸ್ತ್ರೀಯ ಸಂಗೀತ ಕೇಂದ್ರಗಳಲ್ಲಿ ಕೇಳಬಹುದು, ನ್ಯೂಯಾರ್ಕಿನ ಡಬ್ಲ್ಯೂಕ್ಯೂಎಕ್ಸ್‌ಆರ್ ಕೇಂದ್ರದಲ್ಲಿ ಅಂತರ್ಜಾಲದ ಮೂಲಕವೂ ಕೇಳಬಹುದು. ವಿರಾಮದ ಹೊತ್ತಿನಲ್ಲಿ ಗಾಯಕರ ಸಂದರ್ಶನಗಳೂ ಒಪೆರಾ ರಸಪ್ರಶ್ನೆಯೂ ಬರುತ್ತವೆ. ಆ ರಸಪ್ರಶ್ನೆಯನ್ನು ಕೇಳಿಯೇ ತಲೆಮಾರುಗಳ ಅಮೆರಿಕನ್ನರು ಒಪೆರಾ ಕಲಿತಿದ್ದಾರೆ ಎಂದರೆ ಅತಿಶಯವಾಗದು. ನಾರ್ವೆಯ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅಮೆರಿಕದಾದ್ಯಂತ ಪರಿಚಿತರಾದದ್ದು 1935ರ ಫೆಬ್ರವರಿಯ ಇಂಥ ಒಂದು ಶನಿವಾರದ ಪ್ರಸಾರದಿಂದ. ಅದೇ ಫ್ಲಾಗ್‌ಸ್ಟಾಡ್ 1950ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಗೀತೆಗಳ’ ಪ್ರಥಮ ಗಾಯನ ನೀಡಿದಾಗ ಅದಕ್ಕೆ ಹಣದ ಖಾತರಿ ಕೊಟ್ಟವರು ನಮ್ಮ ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್. ಪಾಶ್ಚಾತ್ಯ ಸಂಗೀತವನ್ನು ಅಷ್ಟು ಆಳವಾಗಿ ಬಲ್ಲ ಅರಸರೊಬ್ಬರು ನಮ್ಮಲ್ಲಿದ್ದರು ಎಂಬುದನ್ನು ಇಲ್ಲಿನ ನಮ್ಮ ಮಕ್ಕಳಿಗೆ ಹೇಳಿಕೊಡಬೇಕು.

ಕೇಳುವುದಕ್ಕೂ ಒಂದು ವಿಧಾನವಿದೆ. ಇಡೀ ಒಪೆರಾವನ್ನು ಒಂದೇ ಸಲಕ್ಕೆ ಕೇಳಲು ಹೋಗಬೇಡಿ. ಮೊದಲು ಕಥಾಸಾರಾಂಶವನ್ನು ಓದಿ; ಅದು ಕಂಪನಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಆಮೇಲೆ ಒಂದು ಸಂಜೆಗೆ ಒಂದು ಅಂಕದಂತೆ, ಮೂಲ ಪಠ್ಯ ಮತ್ತು ಅದರ ಇಂಗ್ಲಿಷ್ ಅನುವಾದವನ್ನು ಎದುರಿಗಿಟ್ಟುಕೊಂಡು ಕೇಳಿ. ‘ಲಾ ಬೊಹೆಮ್’ನ ಮೊದಲ ಅಂಕದ ಕೊನೆಯ ಭಾಗದಲ್ಲಿ ಮಿಮಿ ತನ್ನನ್ನು ತಾನು ಪರಿಚಯಿಸಿಕೊಳ್ಳುವ ಹಾಡಿದೆ: ತನ್ನನ್ನು ಎಲ್ಲರೂ ಮಿಮಿ ಎನ್ನುತ್ತಾರೆ, ತಾನು ಬಟ್ಟೆಗಳ ಮೇಲೆ ಹೂವು ಕಸೂತಿ ಮಾಡುತ್ತೇನೆ ಎಂದು ಸಂಕೋಚದಿಂದ ಆರಂಭಿಸಿ, ಚಳಿಗಾಲ ಮುಗಿದಾಗ ಮೊದಲ ಬಿಸಿಲು ತನ್ನ ಕೋಣೆಗೇ ಬರುತ್ತದೆ ಎನ್ನುವಲ್ಲಿಗೆ ಆ ಹಾಡು ಅರಳುತ್ತದೆ. ಇದನ್ನು ಕಿವಿಗೆ ನಾಟುವವರೆಗೆ ಎರಡು ಮೂರು ಸಲ ಕೇಳಿ. ಕಾರಣವೇನೆಂದರೆ, ನಾಲ್ಕನೆಯ ಅಂಕದಲ್ಲಿ ಸಾಯುವ ಸ್ಥಿತಿಯಲ್ಲಿರುವ ಮಿಮಿಯನ್ನು ಅದೇ ಕೋಣೆಗೆ ಕರೆತಂದಾಗ ಪುಚ್ಚೀನಿ ಹೊಸ ರಾಗಗಳಿಗಷ್ಟೇ ನಿಲ್ಲುವುದಿಲ್ಲ. ಮೊದಲ ಅಂಕದ ರಾಗಗಳನ್ನೂ ಮೆಲ್ಲಗೆ, ತುಂಡುತುಂಡಾಗಿ ವಾದ್ಯಗಳಲ್ಲಿ ಮರಳಿಸುತ್ತಾನೆ. ಆ ರಾಗ ಮೊದಲೇ ಗೊತ್ತಿದ್ದವರ ಕಣ್ಣು ಆ ಕ್ಷಣದಲ್ಲಿ ತೇವವಾಗುತ್ತದೆ, ಗೊತ್ತಿಲ್ಲದವರಿಗೆ ರಂಗದ ಮೇಲೆ ಯಾರೋ ಸಾಯುತ್ತಿರುವುದು ಮಾತ್ರ ಕಾಣುತ್ತದೆ. ಮನೆಯಲ್ಲಿ ಕೇಳಿಕೊಂಡು ಹೋಗಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ನಮ್ಮ ಸಂಗೀತದಲ್ಲಿ ಬೆಳೆದ ಕಿವಿಗೆ ಕೆಲವು ಸಂಗತಿಗಳು ಹೊಸವು. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಗಾಯಕರು ತಮ್ಮ ಕಂಠಕ್ಕೆ ಒಗ್ಗುವ ಶ್ರುತಿಗೆ ತಂಬೂರಿಯನ್ನು ಕೂಡಿಸಿಕೊಳ್ಳುತ್ತಾರೆ. ಒಪೆರಾದಲ್ಲಿ ಪಾತ್ರದ ಸ್ವರಸ್ಥಾನಗಳನ್ನು ಸಂಯೋಜಕರೇ ನಿಗದಿಪಡಿಸಿರುವುದರಿಂದ ಆ ಎತ್ತರಕ್ಕೆ ಅಥವಾ ಆಳಕ್ಕೆ ತಲುಪುವ ಕಂಠದವರೇ ಆ ಪಾತ್ರಕ್ಕೆ ಬೇಕಾಗುತ್ತದೆ. ಹೆಣ್ಣು ಕಂಠಗಳಲ್ಲಿ ಎತ್ತರದ್ದು ಸೊಪ್ರಾನೊ, ಅದಕ್ಕಿಂತ ಕೆಳಗಿನದು ಮೆಜ್ಜೊ. ಗಂಡು ಕಂಠಗಳಲ್ಲಿ ಟೆನರ್, ಬ್ಯಾರಿಟೋನ್, ಬಾಸ್ ಎಂಬ ಇಳಿಕೆಯ ಕ್ರಮವಿದೆ. ಪಾತ್ರವರ್ಗದ ಪಟ್ಟಿಯಲ್ಲಿ ಹೆಸರಿನ ಪಕ್ಕದಲ್ಲಿ ಇರುವ ಈ ಪದವನ್ನು ನೋಡಿದರೆ ಪ್ರೇಮಿ ಯಾರು, ತಂದೆ ಯಾರು, ಖಳನಾಯಕ ಯಾರು ಎಂದು ಬಹುಮಟ್ಟಿಗೆ ಊಹಿಸಬಹುದು. ಕರಾವಳಿ, ಮಲೆನಾಡಿನವರಿಗೆ ಯಕ್ಷಗಾನದ ನೆನಪು ಇಲ್ಲಿ ನೆರವಿಗೆ ಬರುತ್ತದೆ: ಅಲ್ಲಿ ಭಾಗವತರು ಹಾಡಿ, ವೇಷಧಾರಿಗಳು ಕುಣಿದು ಆಶುವಾಗಿ ಅರ್ಥ ಹೇಳುವ ಎರಡೂ ಕೆಲಸಗಳನ್ನು ಇಲ್ಲಿ ಪಾತ್ರಧಾರಿಯೊಬ್ಬರೇ ಹಾಡಿನ ಮೂಲಕ ಮಾಡುತ್ತಾರೆ, ಆಶುತ್ವಕ್ಕೆ ಮಾತ್ರ ಬಹುತೇಕ ಎಡೆಯಿಲ್ಲ. ಕಥೆಯನ್ನು ಮುಂದೊಯ್ಯುವ, ಮಾತಿಗೆ ಹತ್ತಿರವಾದ ಗಾಯನಕ್ಕೆ ರೆಸಿಟೇಟಿವ್ ಎಂದೂ, ಕಥೆ ನಿಂತು ಮನಸ್ಸು ತೆರೆದುಕೊಳ್ಳುವ ಹಾಡಿಗೆ ಆರಿಯಾ ಎಂದೂ ಹೆಸರು.

ಎಲ್ಲಕ್ಕಿಂತ ಮುಖ್ಯವಾದದ್ದು, ಮೆಟ್‌ನ ಸಭಾಂಗಣದಲ್ಲಿ ಸುಮಾರು 3,800 ಆಸನಗಳಿದ್ದರೂ ಗಾಯಕರ ಎದುರು ಮೈಕ್ ಇರುವುದಿಲ್ಲ. ದೊಡ್ಡ ವಾದ್ಯವೃಂದವೊಂದನ್ನು ದಾಟಿ ಒಂದು ಕಂಠ ಕೊನೆಯ ಸಾಲನ್ನು ಮುಟ್ಟುವುದು ಬರಿಯ ಬಲದಿಂದಲ್ಲ. ವಾದ್ಯವೃಂದದ ಶಬ್ದಶಕ್ತಿ ಸುಮಾರು 500 ಹರ್ಟ್ಸ್ (ಸೆಕೆಂಡಿಗೆ 500 ಕಂಪನಗಳು) ಆಸುಪಾಸಿನಲ್ಲಿ ಹೆಚ್ಚಾಗಿದ್ದು ಅಲ್ಲಿಂದ ಮೇಲೆ ಇಳಿಯುತ್ತ ಹೋಗುತ್ತದೆ. ಪಳಗಿದ ಒಪೆರಾ ಗಾಯಕರು, ಅದರಲ್ಲೂ ಗಂಡು ಕಂಠದವರು, ಗಂಟಲಿನ ಆಕಾರವನ್ನು ಹೊಂದಿಸಿಕೊಂಡು ತಮ್ಮ ದನಿಯ ಶಕ್ತಿಯನ್ನು ಸುಮಾರು 3,000 ಹರ್ಟ್ಸ್ ಬಳಿ ಕೂಡಿಸುತ್ತಾರೆ. ಅಲ್ಲಿ ವಾದ್ಯಗಳ ಪೈಪೋಟಿ ಕಡಿಮೆ, ಮನುಷ್ಯರ ಕಿವಿಯೂ ಆ ಭಾಗದಲ್ಲಿ ಬಹಳ ಚುರುಕು. ಧ್ವನಿಮುದ್ರಣದಲ್ಲಿ ಈ ಸಾಹಸ ಗೊತ್ತಾಗುವುದೇ ಇಲ್ಲ. ಮನೆಯಲ್ಲಿ ಕೇಳಿ ಸಿದ್ಧರಾದ ಮೇಲೆಯೂ ಸಭಾಂಗಣಕ್ಕೆ ಹೋಗಲೇಬೇಕೆನ್ನುವುದು ಈ ಕಾರಣಕ್ಕೆ.

ಶಿಕ್ಷಣ ಕಾರ್ಯಕ್ರಮಗಳನ್ನು ಬಳಸಿಕೊಳ್ಳುವುದು

ಮೆಟ್‌ನ ಶಿಕ್ಷಣ ವಿಭಾಗವು ಶಾಲೆಗಳಿಗೆಂದು ಸಿದ್ಧಪಡಿಸುವ ಅಧ್ಯಾಪಕರ ಕೈಪಿಡಿಗಳು ಬಹಳ ಜನರಿಗೆ ಗೊತ್ತಿಲ್ಲದ ಸಂಪತ್ತು. ಚಿತ್ರಮಂದಿರಗಳಿಗೆ ನೇರ ಪ್ರಸಾರವಾಗುವ ಒಪೆರಾಗಳನ್ನು ಶಾಲಾಮಕ್ಕಳಿಗೆ ಉಚಿತವಾಗಿ ತೋರಿಸುವ ಯೋಜನೆಯ ಅಂಗವಾಗಿ ಇವು ಹುಟ್ಟಿದವು. ಕಥಾಸಾರಾಂಶ, ಪಾತ್ರಗಳ ಪರಿಚಯ, ಕೃತಿಯ ಹಿನ್ನೆಲೆ, ಸಂಗೀತದ ಮುಖ್ಯ ಘಟ್ಟಗಳ ವಿವರಣೆ ಮತ್ತು ತರಗತಿಯಲ್ಲಿ ಮಾಡಿಸಬಹುದಾದ ಚಟುವಟಿಕೆಗಳು ಇವುಗಳಲ್ಲಿದ್ದು, ಕಂಪನಿಯ ಜಾಲತಾಣದಿಂದ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಮಕ್ಕಳಿಗೆಂದು ಬರೆದದ್ದಾದರೂ ಇವು ತೆಳುವಾಗಿಲ್ಲ. ದೊಡ್ಡವರಿಗೆಂದು ಬರೆದ ಎಷ್ಟೋ ಪರಿಚಯ ಲೇಖನಗಳಿಗಿಂತ ಸ್ಪಷ್ಟವಾಗಿವೆ. ನೀವು ಆರಿಸಿಕೊಂಡ ಒಪೆರಾಕ್ಕೆ ಕೈಪಿಡಿ ಇದ್ದರೆ ಮೊದಲು ಅದನ್ನೇ ಓದಿ. ನಿಮ್ಮ ಮಕ್ಕಳ ಶಾಲೆಯಿರುವ ಜಿಲ್ಲೆ ಈ ಯೋಜನೆಯಲ್ಲಿ ಸೇರಿದೆಯೇ ಎಂದು ಶಾಲೆಯ ಸಂಗೀತದ ಮೇಷ್ಟ್ರನ್ನೋ ಮೇಡಂ ಅವರನ್ನೋ ಒಮ್ಮೆ ವಿಚಾರಿಸಿ; ಪೋಷಕರು ಕೇಳಿದಾಗ ಶಾಲೆಗಳು ಆಸಕ್ತಿ ತೋರುತ್ತವೆ.

ನಮ್ಮ ಹವ್ಯಾಸಿ ರಂಗಭೂಮಿಯವರು ಗ್ರ್ಯಾಂಡ್ ರಿಹರ್ಸಲ್ ಎನ್ನುವ, ವೇಷಭೂಷಣ, ಬೆಳಕು, ಪೂರ್ಣ ವಾದ್ಯವೃಂದಗಳೊಡನೆ ನಡೆಯುವ ಕೊನೆಯ ತಾಲೀಮಿಗೂ ಮೆಟ್ ಶಾಲಾಮಕ್ಕಳನ್ನು ಬರಮಾಡಿಕೊಳ್ಳುತ್ತದೆ. ಇದು ಹಗಲಿನಲ್ಲಿ ನಡೆಯುತ್ತದೆ. ಗಾಯಕರು ಮರುದಿನಗಳ ಪ್ರದರ್ಶನಕ್ಕಾಗಿ ಕಂಠವನ್ನು ಕಾಪಾಡಿಕೊಳ್ಳಲು ಕೆಲವೆಡೆ ಮೆಲ್ಲಗೆ ಹಾಡಬಹುದು, ಅಪರೂಪಕ್ಕೆ ನಡುವೆ ನಿಲ್ಲಿಸಿ ತಿದ್ದಿಕೊಳ್ಳಲೂಬಹುದು. ಅದನ್ನು ಕೊರತೆಯೆಂದು ಎಣಿಸದೆ, ಇಷ್ಟು ದೊಡ್ಡ ಯಂತ್ರಾಂಗ ಹೇಗೆ ಕೂಡಿಬರುತ್ತದೆಂದು ನೋಡುವ ಅವಕಾಶವೆಂದು ತಿಳಿಯಬೇಕು. ತರಗತಿಯ ಜೊತೆ ಹೋಗುವ ಪೋಷಕರ ಪಟ್ಟಿಗೆ ಹೆಸರು ಕೊಡುವುದು ಇಲ್ಲಿ ಒಳ್ಳೆಯ ಉಪಾಯ.

ಯುವ ಗಾಯಕರ ಸ್ಪರ್ಧೆಯ ಅಂತಿಮ ಸುತ್ತು ಇನ್ನೊಂದು ಉತ್ತಮ ಪ್ರವೇಶದ್ವಾರ. 1954ರಿಂದ ನಡೆದುಬಂದಿರುವ, ಈಗ ಲಫಾಂ ಸ್ಪರ್ಧೆ ಎಂಬ ಹೆಸರಿನ ಇದರಲ್ಲಿ ಹಲವು ಸುತ್ತುಗಳನ್ನು ದಾಟಿ ಬಂದವರು ಮೆಟ್‌ನ ರಂಗದ ಮೇಲೆ, ಮೆಟ್‌ನದೇ ವಾದ್ಯವೃಂದದೊಡನೆ ಹಾಡುತ್ತಾರೆ. ರೆನೆ ಫ್ಲೆಮಿಂಗ್, ಲಾರೆನ್ಸ್ ಬ್ರೌನ್‌ಲೀ ಮುಂತಾದವರು ಈ ಸ್ಪರ್ಧೆಯಲ್ಲಿ ಗೆದ್ದು ಬಂದವರು. ಒಂದೇ ಮಧ್ಯಾಹ್ನದಲ್ಲಿ ಬೇರೆ ಬೇರೆ ಕಂಠಗಳಲ್ಲಿ, ಬೇರೆ ಬೇರೆ ಒಪೆರಾಗಳ ಆರಿಯಾಗಳನ್ನು ಕೇಳಿದವರಿಗೆ ತಮ್ಮ ಕಿವಿ ಯಾವ ಸಂಯೋಜಕರ ಕಡೆ ವಾಲುತ್ತದೆಂದು ತಾನಾಗಿ ತಿಳಿಯುತ್ತದೆ. ಪೂರ್ತಿ ಒಪೆರಾದ ಟಿಕೆಟ್ಟಿಗಿಂತ ಇದಕ್ಕೆ ಖರ್ಚೂ ಸಾಮಾನ್ಯವಾಗಿ ಕಡಿಮೆ.

ಬೇಸಿಗೆಯ ಕಾರ್ಯಕ್ರಮಗಳಂತೂ ಪೂರ್ತಿ ಉಚಿತವಾಗಿಯೇ ನಡೆಯುತ್ತ ಬಂದಿವೆ. ಆಗಸ್ಟ್ ಕೊನೆಯ ಹೊತ್ತಿಗೆ, ಮೆಟ್‌ನ ಮಂದಿರವಿರುವ ಲಿಂಕನ್ ಸೆಂಟರ್ ಕಲಾ ಸಂಕೀರ್ಣದ ಅಂಗಳದಲ್ಲಿ, ಒಪೆರಾ ಮಂದಿರದ ಮುಂಭಾಗಕ್ಕೇ ದೊಡ್ಡ ಪರದೆ ಕಟ್ಟಿ, ಹಿಂದಿನ ಪ್ರದರ್ಶನಗಳ ಮುದ್ರಿಕೆಗಳನ್ನು ರಾತ್ರಿಗೊಂದರಂತೆ ತೋರಿಸುವ ಉತ್ಸವವನ್ನು ಮೆಟ್ 2009ರಲ್ಲಿ ಆರಂಭಿಸಿತು. ಟಿಕೆಟ್ ಬೇಕಿಲ್ಲ, ಮೊದಲು ಬಂದವರಿಗೆ ಕುರ್ಚಿ. ಸಂಜೆ ಬೇಗ ಹೋಗಿ ಜಾಗ ಹಿಡಿದು, ಮನೆಯಿಂದ ಕಟ್ಟಿಕೊಂಡು ಹೋದ ಚಪಾತಿ, ಚಿತ್ರಾನ್ನ ಮುಗಿಸಿ, ಕತ್ತಲಾದ ಮೇಲೆ ಒಪೆರಾ ನೋಡಬಹುದು. ಮಗು ಅತ್ತರೆ ಎದ್ದು ಹೋಗಲು ಯಾರ ಅಡ್ಡಿಯೂ ಇಲ್ಲ. ಚಿಕ್ಕ ಮಕ್ಕಳಿರುವ ಕುಟುಂಬಗಳಿಗೆ ಇದಕ್ಕಿಂತ ಒಳ್ಳೆಯ ಆರಂಭವನ್ನು ನಾನು ಕಾಣೆ. ಜೂನ್ ಸುಮಾರಿಗೆ ನಗರದ ಉದ್ಯಾನಗಳಲ್ಲಿ ಪಿಯಾನೊ ಜೊತೆಗೆ ಕೆಲವೇ ಗಾಯಕರು ಹಾಡುವ ಕಛೇರಿಗಳೂ ನಡೆಯುತ್ತವೆ.

ಒಪೆರಾ ಮಂದಿರದ ಪಕ್ಕದಲ್ಲಿಯೇ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಪ್ರದರ್ಶನ ಕಲೆಗಳ ಶಾಖೆ ಇದೆ. ಸ್ವರಲಿಪಿ, ಹಳೆಯ ಧ್ವನಿಮುದ್ರಿಕೆಗಳು, ಪುಸ್ತಕಗಳು ಅಲ್ಲಿವೆ, ಪ್ರವೇಶ ಉಚಿತ. ಸ್ವರಲಿಪಿ ಓದಬಲ್ಲ ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿ ತಿಳಿದಿರಬೇಕು: ಮೆಟ್‌ನ ಮೇಲಿನ ಮಹಡಿಯಲ್ಲಿ ದೀಪವಿರುವ ಕೆಲವು ಮೇಜಿನ ಆಸನಗಳಿವೆ. ಅಲ್ಲಿಂದ ರಂಗ ಕಾಣುವುದಿಲ್ಲವಾದರೂ, ಕಡಿಮೆ ಬೆಲೆಗೆ, ಸ್ವರಲಿಪಿಯನ್ನು ಹಿಡಿದು ಇಡೀ ಪ್ರದರ್ಶನವನ್ನು ಕೇಳಬಹುದು.

ಟಿಕೆಟ್ ಮತ್ತು ಪ್ರದರ್ಶನದ ದಿನ

ಇಷ್ಟಾದ ಮೇಲೆ ಟಿಕೆಟ್. ಸಭಾಂಗಣದಲ್ಲಿ ನೆಲಮಟ್ಟದ ಆರ್ಕೆಸ್ಟ್ರಾದಿಂದ ತುದಿಯ ಫ್ಯಾಮಿಲಿ ಸರ್ಕಲ್‌ವರೆಗೆ ಆರು ಹಂತಗಳಿವೆ. ನೂರಾರು ಡಾಲರ್ ಕೊಟ್ಟು ಕೆಳಗೆ ಕೂರಬೇಕೆಂಬ ಕಡ್ಡಾಯವಿಲ್ಲ. ಅತಿ ಕಡಿಮೆ ಬೆಲೆಯ ತುದಿಯ ಹಂತದಲ್ಲಿ ಗಾಯಕರ ಮುಖ ಚಿಕ್ಕದಾಗಿ ಕಂಡರೂ ದನಿ ತುಂಬಿ ಬರುತ್ತದೆ, ಒಂದು ದುರ್ಬೀನು ಒಯ್ದರೆ ಸಾಕು. ಪಕ್ಕದ ಬಾಕ್ಸ್‌ಗಳಲ್ಲಿ ರಂಗದ ಒಂದು ಭಾಗ ಮರೆಯಾಗುವ ಆಸನಗಳಿವೆ. ಟಿಕೆಟ್ಟಿನ ವಿವರದಲ್ಲಿ ನೋಟ ಭಾಗಶಃ ಎಂದಿದ್ದರೆ ಮೊದಲ ಸಲಕ್ಕೆ ಅದನ್ನು ಬಿಡಿ. ಇತ್ತೀಚಿನ ಸೀಸನ್‌ಗಳಲ್ಲಿ ವಾರದ ದಿನಗಳ ಸಂಜೆಯ ಪ್ರದರ್ಶನಗಳಿಗೆ ಅದೇ ದಿನ ಮಧ್ಯಾಹ್ನ ಹನ್ನೆರಡಕ್ಕೆ 25 ಡಾಲರಿನ ರಷ್ ಟಿಕೆಟ್‌ಗಳನ್ನು ಅಂತರ್ಜಾಲದಲ್ಲಿ ಬಿಡುಗಡೆ ಮಾಡುವ ಪದ್ಧತಿ ಇದೆ. ಅವು ನಿಮಿಷಗಳಲ್ಲಿ ಮುಗಿಯಬಹುದಾದ್ದರಿಂದ ಮೊದಲೇ ಖಾತೆ ತೆರೆದು ಲಾಗಿನ್ ಆಗಿರಬೇಕು. ವಿದ್ಯಾರ್ಥಿಗಳಿಗೂ 40 ವರ್ಷದೊಳಗಿನವರಿಗೂ ಬೇರೆ ರಿಯಾಯಿತಿ ಯೋಜನೆಗಳಿವೆ. ದರ ಮತ್ತು ನಿಯಮಗಳು ಸೀಸನ್‌ನಿಂದ ಸೀಸನ್‌ಗೆ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ಆಧಾರವಾಗಿಟ್ಟುಕೊಳ್ಳಿ.

ಎಡಿಸನ್ ಕಡೆಯಿಂದ ಬರುವವರು ನ್ಯೂಜೆರ್ಸಿ ಟ್ರಾನ್ಸಿಟ್ ರೈಲಿನಲ್ಲಿ ಪೆನ್ ಸ್ಟೇಷನ್ನಿಗೆ ಬಂದು, ಅಲ್ಲಿಂದ 1ನೆಯ ಸಂಖ್ಯೆಯ ಸಬ್‌ವೇ ಹಿಡಿದು 66ನೆಯ ಬೀದಿಯ ಲಿಂಕನ್ ಸೆಂಟರ್ ನಿಲ್ದಾಣದಲ್ಲಿ ಇಳಿಯುವುದು ಸುಲಭ. ರಾತ್ರಿ ಹಿಂದಿರುಗುವ ರೈಲಿನ ವೇಳೆಯನ್ನು ಒಪೆರಾದ ಮುಕ್ತಾಯದ ವೇಳೆಗೆ ಹೋಲಿಸಿ ನೋಡಿಕೊಂಡೇ ಟಿಕೆಟ್ ಕೊಳ್ಳಬೇಕು. ದೂರದವರಿಗೆ ಶನಿವಾರ ಅಥವಾ ಭಾನುವಾರ ಮಧ್ಯಾಹ್ನದ ಪ್ರದರ್ಶನವೇ ಮೇಲು. ಆರಂಭದ ವೇಳೆಯೂ ಎಲ್ಲ ದಿನ ಒಂದೇ ಅಲ್ಲ, ದೀರ್ಘವಾದ ಒಪೆರಾಗಳು ಸಂಜೆ ಬೇಗನೆ ಆರಂಭವಾಗುತ್ತವೆ. ತಡವಾಗಿ ಬಂದವರನ್ನು ವಿರಾಮದವರೆಗೆ ಸಭಾಂಗಣದೊಳಕ್ಕೆ ಬಿಡುವುದಿಲ್ಲ. ವಿರಾಮವಿಲ್ಲದ ‘ಸಲೊಮೆ’ಯಂಥ ಒಪೆರಾಕ್ಕೆ ತಡವಾದರೆ ಇಡೀ ಸಂಜೆ ಕಳೆದುಕೊಂಡಂತೆ. ಅರ್ಧ ಗಂಟೆ ಮೊದಲಾದರೂ ಮಂದಿರದಲ್ಲಿರಿ. 1966ರಲ್ಲಿ ತೆರೆದ ಈ ಕಟ್ಟಡದ ಮೊಗಸಾಲೆಯಲ್ಲಿ ಮಾರ್ಕ್ ಶಗಾಲ್ ಬರೆದ ಎರಡು ಭಾರೀ ಚಿತ್ರಗಳಿವೆ, ಅವನ್ನು ಹತ್ತಿರದಿಂದ ನೋಡಲು ಆ ಸಮಯ ಸಾಲುತ್ತದೆ. ಉಡುಪಿಗೆ ನಿಯಮವಿಲ್ಲ. ರೇಷ್ಮೆ ಸೀರೆಯುಟ್ಟು ಬಂದವರೂ ಜೀನ್ಸ್ ತೊಟ್ಟು ಬಂದವರೂ ಅಕ್ಕಪಕ್ಕ ಕೂರುತ್ತಾರೆ.

ಮುಂದಿನ ಆಸನದ ಬೆನ್ನಿನಲ್ಲಿ ಚಿಕ್ಕ ಪರದೆಯಿದ್ದು, ಗುಂಡಿ ಒತ್ತಿದರೆ ಹಾಡಿನ ಅನುವಾದ ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಮೂಡುತ್ತದೆ. 1995ರಲ್ಲಿ ಬಂದ ಈ ವ್ಯವಸ್ಥೆ ಪಕ್ಕದವರ ಕಣ್ಣಿಗೆ ಬೀಳದಂತೆ ರಚಿತವಾಗಿದೆ. ಮೊದಲೇ ಕೇಳಿ ಸಿದ್ಧರಾದವರು ಪ್ರತಿ ಸಾಲನ್ನೂ ಓದುತ್ತ ಕೂರಬೇಕಿಲ್ಲ. ಸಂಭಾಷಣೆಯ ಭಾಗಗಳಲ್ಲಿ ಪರದೆಯನ್ನು ನೋಡಿ, ಆರಿಯಾ ಆರಂಭವಾದಾಗ ಕಣ್ಣನ್ನು ರಂಗದ ಮೇಲಿಡಿ. ಆರಿಯಾ ಮುಗಿದಾಗ ಇಟಾಲಿಯನ್ ಒಪೆರಾಗಳಲ್ಲಿ ಚಪ್ಪಾಳೆ ತಟ್ಟುವುದು ರೂಢಿ, ವ್ಯಾಗ್ನರ್‌ನ ಕೃತಿಗಳಲ್ಲಿ ಅಂಕ ಮುಗಿಯುವವರೆಗೆ ಕಾಯುತ್ತಾರೆ. ಪ್ರದರ್ಶನ ನಡೆಯುವಾಗ ಫೋಟೊ ತೆಗೆಯುವಂತಿಲ್ಲ, ಫೋನನ್ನು ಪೂರ್ತಿ ಆರಿಸಿಡಿ. ಗಾಯಕರಿಗೆ ಆರೋಗ್ಯ ತಪ್ಪಿದರೆ ಬದಲಿ ಗಾಯಕರು ಬರುತ್ತಾರೆ, ಅದಕ್ಕೆ ಹಣ ಹಿಂದಿರುಗಿಸುವುದಿಲ್ಲ. ಹಾಗೆ ಅನಿರೀಕ್ಷಿತವಾಗಿ ರಂಗವೇರಿದ ಬದಲಿ ಗಾಯಕರೇ ಹೆಸರಾದ ಉದಾಹರಣೆಗಳು ಒಪೆರಾ ಚರಿತ್ರೆಯಲ್ಲಿ ಬೇಕಾದಷ್ಟಿವೆ.

ಬೇರೆ ಊರುಗಳಲ್ಲಿರುವವರಿಗೆ

ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಮುತ್ತಲಿನ ಕನ್ನಡಿಗರಿಗೆ 1923ರಲ್ಲಿ ಸ್ಥಾಪನೆಯಾದ ಸ್ಯಾನ್‌ಫ್ರಾನ್ಸಿಸ್ಕೊ ಒಪೆರಾ ಇದೆ. ಪ್ರದರ್ಶನಕ್ಕೆ 55 ನಿಮಿಷ ಮೊದಲು, ಟಿಕೆಟ್ ಇರುವವರೆಲ್ಲರಿಗೂ ಉಚಿತವಾಗಿ, ಸಭಾಂಗಣದೊಳಗೇ ಪರಿಚಯ ಉಪನ್ಯಾಸ ನೀಡುವ ಪದ್ಧತಿಯನ್ನು ಅದು ಬೆಳೆಸಿಕೊಂಡು ಬಂದಿದೆ. ಸೆಪ್ಟೆಂಬರ್‌ನಲ್ಲಿ ಸೀಸನ್ ಆರಂಭವಾದ ಬೆನ್ನಿಗೇ ಗೋಲ್ಡನ್ ಗೇಟ್ ಉದ್ಯಾನದಲ್ಲಿ ಪೂರ್ಣ ವಾದ್ಯವೃಂದದೊಡನೆ ಉಚಿತ ಕಛೇರಿಯನ್ನೂ ನಡೆಸುತ್ತ ಬಂದಿದೆ.

ಕರ್ನಾಟಕದಲ್ಲಿರುವವರಿಗೂ ದಾರಿಗಳಿವೆ. ಮೆಟ್‌ನ ಪ್ರದರ್ಶನಗಳನ್ನು ಚಿತ್ರಮಂದಿರಗಳಿಗೆ ನೇರವಾಗಿ ರವಾನಿಸುವ ಕ್ರಮ 2006ರ ಡಿಸೆಂಬರ್ 30ರಂದು ಆರಂಭವಾಯಿತು. ಮುಂಬಯಿಯ ಎನ್‌ಸಿಪಿಎ (ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ) ಈ ಪ್ರದರ್ಶನಗಳನ್ನು ತನ್ನಲ್ಲಿ ತೋರಿಸುತ್ತ ಬಂದಿದೆ, ಆ ಕಡೆ ಹೋಗುವವರು ಅದರ ಕಾರ್ಯಕ್ರಮ ಪಟ್ಟಿಯನ್ನು ನೋಡಿ ಪ್ರಯಾಣವನ್ನು ಹೊಂದಿಸಿಕೊಳ್ಳಬಹುದು. ಮೆಟ್‌ನ ಶುಲ್ಕಸಹಿತ ಅಂತರ್ಜಾಲ ಸಂಗ್ರಹದಲ್ಲಿ ದಶಕಗಳ ಪ್ರದರ್ಶನಗಳ ದೃಶ್ಯ ಮತ್ತು ಧ್ವನಿಮುದ್ರಿಕೆಗಳಿವೆ. ಶನಿವಾರದ ರೇಡಿಯೊ ಪ್ರಸಾರವಂತೂ ಎಲ್ಲಿಂದಲಾದರೂ ಕೇಳಲು ಸಿಗುತ್ತದೆ. ನ್ಯೂಯಾರ್ಕಿನಲ್ಲಿ ಮಧ್ಯಾಹ್ನ ಒಂದಕ್ಕೆ ಆರಂಭವಾಗುವ ಒಪೆರಾ ಚಳಿಗಾಲದಲ್ಲಿ ಕರ್ನಾಟಕದವರಿಗೆ ರಾತ್ರಿ 11.30ಕ್ಕೆ ಕೇಳಿಸುತ್ತದೆ, ಮಾರ್ಚ್ ತಿಂಗಳಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ ಮೇಲೆ ಅದು ರಾತ್ರಿ 10.30 ಆಗುತ್ತದೆ. ಮೊದಲೇ ಆರಂಭವಾಗುವ ದೀರ್ಘ ಒಪೆರಾಗಳೂ ಇರುವುದರಿಂದ ಆಯಾ ಶನಿವಾರದ ವೇಳೆಯನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ, ಕಥಾಸಾರಾಂಶವನ್ನು ಸಂಜೆಯೇ ಓದಿ ಮುಗಿಸಿ. ಮೊದಲ ಅಂಕವೊಂದನ್ನೇ ಕೇಳಿ ಮಲಗಿದರೂ ಅಡ್ಡಿಯಿಲ್ಲ.